ಮೈಯೊಳಗಿನ ಡಂಗುರ: ಮೊಟ್ಟೆ, ರಾಜ್ಮಾ ಮತ್ತು ಇಲಿಗಳು ಹೇಳಿದ ಕಥೆ

ವೈರಲ್ ಜ್ವರ ಬಂದ ಮೊದಲ ಎರಡು ದಿನ ಮೈಕೈ ಮುರಿದಂತೆ ನೋಯುತ್ತದೆ. ಊಟ ಸೇರುವುದಿಲ್ಲ. ಕಂಬಳಿ ಹೊದ್ದು ಮಲಗಿದರೆ ಸಾಕು ಅನಿಸುತ್ತದೆ. ಈ ನೋವಿನಲ್ಲಿ ದೊಡ್ಡ ಪಾಲು ವೈರಸ್ ಕೊಟ್ಟದ್ದಲ್ಲ, ನಮ್ಮದೇ ದೇಹ ಕೊಟ್ಟದ್ದು ಅಂದರೆ ನಂಬುತ್ತೀರಾ? ಇಂಟರ್‌ಫೆರಾನ್ ಅನ್ನುವ ವಸ್ತುವನ್ನು ಸೂಜಿಯಲ್ಲಿ ಕೊಟ್ಟರೆ, ಮೈಯಲ್ಲಿ ಒಂದೇ ಒಂದು ಫ್ಲೂ ವೈರಸ್ ಇಲ್ಲದಿದ್ದರೂ ಇದೇ ಚಳಿ, ಇದೇ ಜ್ವರ, ಇದೇ ಮೈಕೈ ನೋವು ಬರುತ್ತದೆ. ಆ ವಸ್ತು ನಮ್ಮ ಜೀವಕೋಶಗಳೇ ತಯಾರಿಸುವ ಡಂಗುರ. "ಕಳ್ಳ ಊರೊಳಗೆ ಬಂದಿದ್ದಾನೆ, ಬಾಗಿಲು ಹಾಕಿಕೊಳ್ಳಿ, ಗಟ್ಟಿಗರು ಹೊರಗೆ ಬನ್ನಿ" ಎಂದು ಸಾರುವ ಡಂಗುರ.

ಈ ಡಂಗುರವನ್ನು ಮನುಷ್ಯ ಹೇಗೆ ಕೇಳಿಸಿಕೊಂಡ ಅನ್ನುವುದು ಇವತ್ತಿನ ಬರಹ. ಇದನ್ನು ಬರೆಯಲು ಒಂದು ಕಾರಣವಿದೆ. 2020ರಲ್ಲಿ ಕೊರೊನಾ ಬಂದಾಗ "ಇಮ್ಯೂನಿಟಿ ಬೂಸ್ಟರ್" ಅನ್ನುವ ಮಾತು ಹಳ್ಳಿಯ ಕಿರಾಣಿ ಅಂಗಡಿಯ ತನಕ ಬಂತು. ಪುಡಿ, ಕಷಾಯ, ಮಾತ್ರೆ, ಬಿಸ್ಕತ್ತು, ಎಲ್ಲದರ ಮೇಲೂ ಅದೇ ಬರಹ. ರೋಗನಿರೋಧಕ ಶಕ್ತಿ ಹೆಚ್ಚಿಸುತ್ತೇವೆ ಅಂದರು ಸರಿ. ಏನನ್ನು ಹೆಚ್ಚಿಸುತ್ತೀರಿ? ಎಷ್ಟು? ಯಾವ ದಿನ? ಯಾರೂ ಕೇಳಲಿಲ್ಲ, ಯಾರೂ ಹೇಳಲಿಲ್ಲ. ವಿಜ್ಞಾನಿಗಳು ಮಾತ್ರ ಈ ಮೂರು ಪ್ರಶ್ನೆಗಳ ಹಿಂದೆ ಆರೇಳು ದಶಕ ಅಲೆದಿದ್ದಾರೆ, ಹಲವು ಸಲ ಏಟು ತಿಂದಿದ್ದಾರೆ.

ಶುರುವಾದದ್ದು ಕೋಳಿಮೊಟ್ಟೆಯಿಂದ

ಒಂದು ವೈರಸ್ ಹೊಕ್ಕ ಜೀವಕೋಶಕ್ಕೆ ಇನ್ನೊಂದು ವೈರಸ್ ಅಷ್ಟು ಸುಲಭವಾಗಿ ನುಗ್ಗಲಾರದು ಎನ್ನುವುದು 1930ರ ದಶಕದಿಂದಲೂ ಗೊತ್ತಿತ್ತು. ಮೊದಲು ಬಂದವನು ಜಾಗ ಹಿಡಿದು ಕೂತಿರುತ್ತಾನೆ, ಅದಕ್ಕೇ ಎರಡನೆಯವನಿಗೆ ಜಾಗವಿಲ್ಲ ಅಂತ ಹಲವರು ತಿಳಿದಿದ್ದರು. ಬಸ್ಸಿನ ಸೀಟಿನ ಲೆಕ್ಕ.

ಲಂಡನ್ನಿನ ಮಿಲ್ ಹಿಲ್‌ನಲ್ಲಿದ್ದ ರಾಷ್ಟ್ರೀಯ ವೈದ್ಯಕೀಯ ಸಂಶೋಧನಾ ಸಂಸ್ಥೆಯಲ್ಲಿ ಅಲಿಕ್ ಐಸಾಕ್ಸ್ ಎಂಬ ಸ್ಕಾಟ್ಲೆಂಡಿನವರು ಫ್ಲೂ ವೈರಸ್ ಮೇಲೆ ಕೆಲಸ ಮಾಡುತ್ತಿದ್ದರು. ಸ್ವಿಟ್ಜರ್ಲೆಂಡಿನಿಂದ ಜೀನ್ ಲಿಂಡೆನ್‌ಮನ್ ಎಂಬ ಯುವಕ ಅಲ್ಲಿಗೆ ಬಂದರು. ಇಬ್ಬರಿಗೂ ಈ ಬಸ್ಸಿನ ಸೀಟಿನ ಪ್ರಶ್ನೆಯೇ ತಲೆ ತಿನ್ನುತ್ತಿತ್ತು.

ಅವರು ಮಾಡಿದ್ದು ಇಷ್ಟು. ಮರಿಯಾಗುತ್ತಿರುವ ಕೋಳಿಮೊಟ್ಟೆಯ ಒಳಪೊರೆಯ ತುಂಡು ತೆಗೆದುಕೊಂಡರು. ಫ್ಲೂ ವೈರಸ್ಸನ್ನು ಬಿಸಿಮಾಡಿ ಸಾಯಿಸಿ, ಅದರ ಜೊತೆ ಪೊರೆಯನ್ನು ದ್ರವದಲ್ಲಿ ಇಟ್ಟರು. ಕೆಲವು ಗಂಟೆ ಬಿಟ್ಟು ಆ ಪೊರೆಯನ್ನು ತೆಗೆದುಹಾಕಿದರು. ಉಳಿದ ನೀರಿಗೆ ಹೊಸ ಪೊರೆಯ ತುಂಡು ಹಾಕಿ, ಈಗ ಜೀವಂತ ವೈರಸ್ ಬಿಟ್ಟರು. ವೈರಸ್ ಬೆಳೆಯಲಿಲ್ಲ. ಅಂದರೆ ಜಾಗ ಹಿಡಿದು ಕೂತವರು ಯಾರೂ ಇಲ್ಲ. ಹಳೆಯ ಪೊರೆ ಏನನ್ನೋ ನೀರಿಗೆ ಬಿಟ್ಟಿದೆ, ಆ ಏನೋ ಒಂದು ಹೊಸ ಪೊರೆಗೆ ಎಚ್ಚರಿಕೆ ಕೊಟ್ಟಿದೆ. 1957ರಲ್ಲಿ ಅವರು ಇದನ್ನು ಪ್ರಕಟಿಸಿದರು. ವೈರಸ್ಸಿಗೆ ಅಡ್ಡಿ ಮಾಡುವ ವಸ್ತುವಾದ್ದರಿಂದ ಇಂಟರ್‌ಫೆರಾನ್ ಎಂದು ಹೆಸರಿಟ್ಟರು.

ನ್ಯಾಯವಾಗಿ ಹೇಳಬೇಕಾದ ಇನ್ನೊಂದು ಮಾತು. ಟೋಕಿಯೊದಲ್ಲಿ ಯಾಸುಇಚಿ ನಗಾನೊ ಮತ್ತು ಯಾಸುಹಿಕೊ ಕೊಜಿಮಾ ಮೂರು ವರ್ಷ ಮೊದಲೇ, 1954ರಲ್ಲಿ, ಮೊಲದ ಚರ್ಮದಲ್ಲಿ ವೈರಸ್ ತಡೆಯುವ ಇಂಥದ್ದೇ ಒಂದು ಅಂಶವನ್ನು ಕಂಡು ಬರೆದಿದ್ದರು. ಬರೆದದ್ದು ಫ್ರೆಂಚ್ ಭಾಷೆಯಲ್ಲಿ. ಹೆಚ್ಚು ಜನ ಓದಲಿಲ್ಲ. ಯಾವ ಭಾಷೆಯಲ್ಲಿ ಬರೆದೆವು ಅನ್ನುವುದರ ಮೇಲೆ ಯಾರ ಹೆಸರು ಉಳಿಯುತ್ತದೆ ಎಂಬುದು ನಿಂತಿರುತ್ತದೆ. ಕನ್ನಡದಲ್ಲಿ ಬರೆಯುವ ನಮಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ.

ಕಾಕತಾಳೀಯ ನೋಡಿ. ಅದೇ 1957ರಲ್ಲೇ ನಮ್ಮ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಮಂಗಗಳು ಸತ್ತು ಬಿದ್ದವು, ಮನುಷ್ಯರಿಗೆ ಜ್ವರ ಬಂತು, ಮಂಗನ ಕಾಯಿಲೆಯ ವೈರಸ್ ಪತ್ತೆಯಾಯಿತು. ಲಂಡನ್ನಿನ ಮೊಟ್ಟೆಗೂ ಸೊರಬದ ಕಾಡಿಗೂ ಆಗ ಸಂಬಂಧವಿರಲಿಲ್ಲ. ಒಂದು ಕಡೆ ಹೊಸ ವೈರಸ್, ಇನ್ನೊಂದು ಕಡೆ ವೈರಸ್ಸಿನ ವಿರುದ್ಧದ ಹೊಸ ಸುದ್ದಿ, ಒಂದೇ ವರ್ಷ, ಅಷ್ಟೆ.

ಐಸಾಕ್ಸ್ ಅವರ ಮಾತನ್ನು ಬಹಳ ಜನ ನಂಬಲಿಲ್ಲ. ಇಂಟರ್‌ಫೆರಾನ್ ಸಿಗುತ್ತಿದ್ದದ್ದು ಅತ್ಯಲ್ಪ, ಶುದ್ಧ ಮಾಡಲು ಬರುತ್ತಿರಲಿಲ್ಲ. ಕೋಳಿಯದ್ದು ಮನುಷ್ಯನಿಗೆ ನಾಟುವುದಿಲ್ಲ, ಮನುಷ್ಯನದ್ದೇ ಬೇಕು. "ಇದು ಇಂಟರ್‌ಫೆರಾನ್ ಅಲ್ಲ, ಇಮ್ಯಾಜಿನಾನ್" ಎಂದು ಗೇಲಿ ಮಾಡಿದವರಿದ್ದರು; ಅಂದರೆ ಬರೀ ಕಲ್ಪನೆ ಅಂತ. ಐಸಾಕ್ಸ್ 1967ರಲ್ಲಿ ತೀರಿಕೊಂಡರು. ವಯಸ್ಸು ಬರೀ 45. ತಾವು ಕಂಡದ್ದು ಔಷಧವಾದದ್ದನ್ನು ಅವರು ನೋಡಲಿಲ್ಲ.

ಹೊಡೆಯುವವರು ಯಾರು?

ಡಂಗುರ ಸಾರಿದರೆ ಸಾಲದು, ಕಳ್ಳನನ್ನು ಹಿಡಿಯುವವರೂ ಬೇಕಲ್ಲ. ಅವರು ಯಾರು ಎಂಬುದು ಆಗಿನ್ನೂ ಗೊತ್ತಿರಲಿಲ್ಲ.

ಇಲ್ಲೂ ಮೊದಲ ಸುಳಿವು ಕೋಳಿಯಿಂದಲೇ ಬಂತು. ಕೋಳಿ ಹಿಕ್ಕೆ ಹಾಕುವ ದಾರಿಯ ಹತ್ತಿರ ಒಂದು ಸಣ್ಣ ಚೀಲವಿದೆ, ಬರ್ಸಾ ಅನ್ನುತ್ತಾರೆ. ಅಮೆರಿಕದ ಒಹಾಯೊ ಸ್ಟೇಟ್ ವಿಶ್ವವಿದ್ಯಾಲಯದಲ್ಲಿ ಬ್ರೂಸ್ ಗ್ಲಿಕ್ ಎಂಬ ವಿದ್ಯಾರ್ಥಿ ಕೆಲವು ಕೋಳಿಗಳಿಂದ ಅದನ್ನು ಕತ್ತರಿಸಿ ತೆಗೆದು ಏನಾಗುತ್ತದೆ ಎಂದು ನೋಡುತ್ತಿದ್ದ. ಟಿಮೊಥಿ ಚಾಂಗ್ ಎಂಬ ಇನ್ನೊಬ್ಬ ವಿದ್ಯಾರ್ಥಿಗೆ ತರಗತಿಯಲ್ಲಿ ಪ್ರತಿಕಾಯ ತೋರಿಸಲು ಕೋಳಿ ಬೇಕಾಗಿತ್ತು. ಗ್ಲಿಕ್ ಬಳಿಯ ಕೋಳಿಗಳನ್ನು ಎರವಲು ತಂದ. ರೋಗಾಣು ಚುಚ್ಚಿದರೂ ಆ ಕೋಳಿಗಳಲ್ಲಿ ಪ್ರತಿಕಾಯ ಬರಲೇ ಇಲ್ಲ! ಪಾಠ ಕೆಟ್ಟಿತು, ಇತಿಹಾಸ ಆಯಿತು. ದೊಡ್ಡ ವಿಜ್ಞಾನ ಪತ್ರಿಕೆ ಬೇಡವೆಂದಿತು. ಕೊನೆಗೆ 1956ರಲ್ಲಿ ಅದು ಅಚ್ಚಾದದ್ದು ಕೋಳಿ ಸಾಕಣೆಯ ಪತ್ರಿಕೆಯಲ್ಲಿ. ಪ್ರತಿಕಾಯ ಮಾಡುವ ಬಿಳಿ ರಕ್ತಕಣಗಳಿಗೆ ಇವತ್ತು ಬಿ ಕೋಶ ಎಂದು ಕರೆಯುವುದು ಈ ಬರ್ಸಾದಿಂದಲೇ.

ಟಿ ಬಂದದ್ದು ಥೈಮಸ್‌ನಿಂದ. ಎದೆಮೂಳೆಯ ಹಿಂದೆ ಇರುವ ಈ ಗ್ರಂಥಿ ಚಿಕ್ಕಮಕ್ಕಳಲ್ಲಿ ದೊಡ್ಡದಾಗಿರುತ್ತದೆ, ವಯಸ್ಸಾದಂತೆ ಸೊರಗುತ್ತದೆ. ಬಿಳಿ ಕಣಗಳು ಸಾಯುವ ಸ್ಮಶಾನ ಅದು, ಬೇರೆ ಕೆಲಸವಿಲ್ಲ ಎಂದು ವೈದ್ಯರು ತಿಳಿದಿದ್ದರು. 1961ರಲ್ಲಿ ಲಂಡನ್ನಿನಲ್ಲಿ ಕೆಲಸ ಮಾಡುತ್ತಿದ್ದ ಜಾಕ್ ಮಿಲ್ಲರ್ ಆಗಷ್ಟೇ ಹುಟ್ಟಿದ ಇಲಿಮರಿಗಳ ಥೈಮಸ್ ತೆಗೆದರು. ಮರಿಗಳು ಸ್ವಲ್ಪ ದಿನ ಚೆನ್ನಾಗಿದ್ದು ಆಮೇಲೆ ಸೊರಗಿ ಸೋಂಕಿಗೆ ಬಲಿಯಾದವು. ಬೇರೆ ಇಲಿಯ ಚರ್ಮ ಕಸಿ ಮಾಡಿದರೂ ಅವುಗಳ ಮೈ ಅದನ್ನು ತಳ್ಳಿಹಾಕಲಿಲ್ಲ. ಸ್ಮಶಾನ ಅಂದುಕೊಂಡದ್ದು ಗರಡಿ ಮನೆಯಾಗಿತ್ತು. ಅಲ್ಲಿ ಪಳಗಿ ಹೊರಬರುವ ಪೈಲ್ವಾನರೇ ಟಿ ಕೋಶಗಳು.

ಟಿ ಕೋಶಗಳಲ್ಲಿ ಒಂದು ಬಗೆ ಕೊಲ್ಲುವವು, ಕಿಲ್ಲರ್ ಟಿ ಕೋಶ. ಪ್ರತಿಕಾಯಗಳು ರಕ್ತದಲ್ಲಿ ತೇಲುವ ವೈರಸ್ಸನ್ನು ಹಿಡಿಯುತ್ತವೆ. ವೈರಸ್ ಜೀವಕೋಶದ ಒಳಗೆ ಹೊಕ್ಕು ಬಾಗಿಲು ಹಾಕಿಕೊಂಡರೆ ಪ್ರತಿಕಾಯಕ್ಕೆ ಸಿಗುವುದಿಲ್ಲ. ಆಗ ಆ ಜೀವಕೋಶವನ್ನೇ, ಒಳಗಿರುವ ವೈರಸ್ ಸಮೇತ, ಕೊಲ್ಲಬೇಕು. ಕಳ್ಳ ಸೇರಿದ ಮನೆಗೇ ಬೆಂಕಿ ಇಟ್ಟಂತೆ. ಹಾಗಾಗಿ ಯಾವ ಮನೆ ಅನ್ನುವುದು ತಪ್ಪಬಾರದು.

ಪಶುವೈದ್ಯನ ಪ್ರಯೋಗ

ಇದು ಹೇಗೆ ಗೊತ್ತಾಗುತ್ತದೆ ಎಂಬುದನ್ನು ಕಂಡುಹಿಡಿದ ಇಬ್ಬರಲ್ಲಿ ಒಬ್ಬರು ಪಶುವೈದ್ಯರು. ಆಸ್ಟ್ರೇಲಿಯಾದ ಕ್ವೀನ್ಸ್‌ಲೆಂಡಿನ ಪೀಟರ್ ಡೊಹರ್ಟಿ. ದನ, ಕುರಿಗಳ ರೋಗ ಓದಿದವರು. ಇನ್ನೊಬ್ಬರು ಸ್ವಿಟ್ಜರ್ಲೆಂಡಿನ ರಾಲ್ಫ್ ಜಿಂಕರ್‌ನಾಗೆಲ್. ಕ್ಯಾನ್‌ಬೆರಾದ ಜಾನ್ ಕರ್ಟಿನ್ ಸಂಸ್ಥೆಯಲ್ಲಿ ಇಬ್ಬರೂ ಒಂದೇ ಕೋಣೆ ಹಂಚಿಕೊಂಡು ಕೆಲಸ ಮಾಡುತ್ತಿದ್ದರು.

ಅವರು ಇಲಿಗಳಿಗೆ ಎಲ್‌ಸಿಎಂವಿ ಎಂಬ ವೈರಸ್ ಕೊಟ್ಟರು. ಈ ವೈರಸ್ಸಿನ ಗುಣ ವಿಚಿತ್ರ. ಇದು ಜೀವಕೋಶವನ್ನು ತಾನಾಗಿ ಅಷ್ಟೇನೂ ಹಾಳು ಮಾಡುವುದಿಲ್ಲ. ಮಿದುಳಿಗೆ ಚುಚ್ಚಿದರೆ ಇಲಿ ಸಾಯುವುದು ವೈರಸ್ಸಿನಿಂದಲ್ಲ, ವೈರಸ್ಸನ್ನು ಹುಡುಕಿ ಬಂದ ತನ್ನದೇ ಕಿಲ್ಲರ್ ಟಿ ಕೋಶಗಳ ಹೊಡೆತದಿಂದ. ಈ ಮಾತು ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ.

ಸೋಂಕು ತಗಲಿದ ಇಲಿಯಿಂದ ಟಿ ಕೋಶಗಳನ್ನು ತೆಗೆದು, ಗಾಜಿನ ತಟ್ಟೆಯಲ್ಲಿ ಸೋಂಕಿತ ಜೀವಕೋಶಗಳ ಮೇಲೆ ಬಿಟ್ಟರು. ಜೀವಕೋಶಗಳಿಗೆ ಮೊದಲೇ ವಿಕಿರಣ ಸೂಸುವ ಕ್ರೋಮಿಯಂ ಕುಡಿಸಿದ್ದರು. ಕೋಶ ಸತ್ತು ಒಡೆದರೆ ಕ್ರೋಮಿಯಂ ಹೊರಗೆ ಸೋರುತ್ತದೆ, ಅಳೆಯಬಹುದು. ಟಿ ಕೋಶಗಳು ತಮ್ಮದೇ ತಳಿಯ ಇಲಿಯ ಸೋಂಕಿತ ಕೋಶಗಳನ್ನು ಕೊಂದವು. ಬೇರೆ ತಳಿಯ ಇಲಿಯ ಕೋಶಗಳಲ್ಲಿ ಅದೇ ವೈರಸ್ ತುಂಬಿದ್ದರೂ ಮುಟ್ಟಲಿಲ್ಲ. ತಮ್ಮ ತಳಿಯ ಆರೋಗ್ಯವಂತ ಕೋಶಗಳನ್ನೂ ಮುಟ್ಟಲಿಲ್ಲ.

ಅರ್ಥ ಇಷ್ಟು: ಕಿಲ್ಲರ್ ಟಿ ಕೋಶ ಎರಡನ್ನು ಒಟ್ಟಿಗೆ ನೋಡುತ್ತದೆ, ಇದು ನಮ್ಮ ಮನೆಯೇ, ಇಲ್ಲಿ ಪರಕೀಯ ಏನಾದರೂ ಇದೆಯೇ ಅಂತ. ನಮ್ಮ ಪ್ರತಿ ಜೀವಕೋಶವೂ ಒಳಗೆ ತಯಾರಾಗುವ ಪ್ರೋಟೀನುಗಳ ಚೂರುಗಳನ್ನು ಮಾದರಿಯಾಗಿ ಹೊರಗಿನ ಜಗಲಿಯ ಮೇಲೆ ಇಟ್ಟಿರುತ್ತದೆ. ಜಗಲಿ ಅಂದರೆ ಎಂಎಚ್‌ಸಿ ಎಂಬ ಅಣು. ಒಬ್ಬೊಬ್ಬರ ಜಗಲಿ ಒಂದೊಂದು ತರಹ. ಟಿ ಕೋಶ ಬೀದಿಯಲ್ಲಿ ಹೋಗುತ್ತಾ ಜಗಲಿ ನೋಡುತ್ತದೆ. ವೈರಸ್ಸಿನ ಚೂರು ಕಂಡರೆ ಹೊಡೆಯುತ್ತದೆ. ಅವರ ಬರಹ 1974ರಲ್ಲಿ ನೇಚರ್ ಪತ್ರಿಕೆಯಲ್ಲಿ ಬಂತು. 1996ರಲ್ಲಿ ಇಬ್ಬರಿಗೂ ನೊಬೆಲ್. ಪಶುವೈದ್ಯ ಓದಿದವರಿಗೆ ವೈದ್ಯವಿಜ್ಞಾನದ ನೊಬೆಲ್ ಬಂದದ್ದನ್ನು ನಮ್ಮೂರ ದನದ ಡಾಕ್ಟರಿಗೆ ಹೇಳಿ, ಖುಷಿಪಡುತ್ತಾರೆ.

ರಾಜ್ಮಾ ಕಾಳು ಬಿಡಿಸಿದ ಗಂಟು

ಈಗ ಅಸಲು ಪ್ರಶ್ನೆ. ಒಂದು ವೈರಸ್ಸಿನ ಒಂದು ಚೂರನ್ನು ಗುರುತಿಸಬಲ್ಲ ಟಿ ಕೋಶಗಳು ಮೈಯಲ್ಲಿ ಬಹಳ ಕಡಿಮೆ ಇರುತ್ತವೆ. ಒಂದು ಇಲಿಯಲ್ಲಿ ಕೆಲವು ನೂರು. ಸೋಂಕು ತಗಲಿ ಎಂಟು ದಿನಕ್ಕೆ ಅವು ಲಕ್ಷಗಟ್ಟಲೆ, ಕೆಲವೊಮ್ಮೆ ಕೋಟಿಯ ಲೆಕ್ಕಕ್ಕೆ ಏರುತ್ತವೆ. ಹೈದರಾಬಾದಿನ ಉಸ್ಮಾನಿಯಾದಲ್ಲಿ ಓದಿ ಅಮೆರಿಕಕ್ಕೆ ಹೋದ ರಫಿ ಅಹ್ಮದ್ ಅವರ ಅಟ್ಲಾಂಟಾದ ಪ್ರಯೋಗಾಲಯದಲ್ಲಿ ಕಾಜಾ ಮುರಳಿಕೃಷ್ಣ ಮತ್ತು ಜೊತೆಗಾರರು 1998ರಲ್ಲಿ ಎಣಿಸಿ ತೋರಿಸಿದರು: ಎಲ್‌ಸಿಎಂವಿ ಸೋಂಕು ಏರಿದ ಹೊತ್ತಿನಲ್ಲಿ ಇಲಿಯ ಕಿಲ್ಲರ್ ವರ್ಗದ ಟಿ ಕೋಶಗಳಲ್ಲಿ ಅರ್ಧಕ್ಕೂ ಹೆಚ್ಚು ಆ ಒಂದೇ ವೈರಸ್ಸಿನ ಬೆನ್ನು ಹತ್ತಿದವು. ಹೊಲಕ್ಕೆ ಚೆಲ್ಲಿದ ಹಿಡಿ ಬೀಜ ವಾರದಲ್ಲಿ ಕಣಜ ತುಂಬಿದ ಹಾಗೆ. ಅವಕ್ಕೆ ಬೆಳೆಯಿರಿ ಎಂದು ಹೇಳಿದ್ದು ಯಾರು?

ಇದರ ಉತ್ತರದ ದಾರಿಯಲ್ಲಿ ಅಡುಗೆಮನೆಯ ರಾಜ್ಮಾ ಬರುತ್ತದೆ. ಹಸಿ ರಾಜ್ಮಾದಲ್ಲಿ, ಅರೆಬೆಂದ ರಾಜ್ಮಾದಲ್ಲಿ ಪಿಎಚ್‌ಎ ಎಂಬ ಪ್ರೋಟೀನ್ ಇರುತ್ತದೆ. ಸರಿಯಾಗಿ ಕುದಿಸದೆ ತಿಂದರೆ ವಾಂತಿ ಭೇದಿ ಆಗುವುದು ಇದರಿಂದಲೇ. ಇದಕ್ಕೆ ಕೆಂಪು ರಕ್ತಕಣಗಳನ್ನು ಗಂಟುಕಟ್ಟಿಸುವ ಗುಣವಿದೆ. ಫಿಲಡೆಲ್ಫಿಯಾದಲ್ಲಿ ಪೀಟರ್ ನೊವೆಲ್ ರಕ್ತದಿಂದ ಕೆಂಪು ಕಣ ಬೇರ್ಪಡಿಸಿ ಬಿಳಿ ಕಣ ಪಡೆಯಲು ಇದನ್ನು ಬಳಸುತ್ತಿದ್ದರು. 1960ರಲ್ಲಿ ಅವರು ಗಮನಿಸಿದ್ದು: ಬಿಳಿ ಕಣಗಳು ಒಡೆದು ಒಡೆದು ಹೆಚ್ಚುತ್ತಿವೆ. ಲಿಂಫೋಸೈಟುಗಳು ಮುದಿ ಕಣಗಳು, ಇನ್ನು ಮರಿ ಹಾಕಲಾರವು ಎಂದು ಅಲ್ಲಿಯವರೆಗೆ ಪಾಠಪುಸ್ತಕ ಹೇಳುತ್ತಿತ್ತು. ರಾಜ್ಮಾ ಅದನ್ನು ಸುಳ್ಳು ಮಾಡಿತು. 1965ರಲ್ಲಿ ಫ್ರೆಡರಿಕ್ ವೀಲಾಕ್ ಇದೇ ರಾಜ್ಮಾ ಪ್ರೋಟೀನ್ ಹಾಕಿ ಮನುಷ್ಯನ ಬಿಳಿ ಕಣಗಳಿಂದ ಇನ್ನೊಂದು ಬಗೆಯ ಇಂಟರ್‌ಫೆರಾನ್ ಪಡೆದರು. ಇವತ್ತು ಅದಕ್ಕೆ ಗಾಮಾ ಎಂದು ಹೆಸರು. ಟಿ ಕೋಶಗಳು ತಾವೇ ಕೂಗುವ ಕೂಗು ಅದು. ಅದು ಕೇಳಿದ ಜೀವಕೋಶಗಳು ಜಗಲಿಯ ಮೇಲೆ ಇನ್ನಷ್ಟು ಮಾದರಿ ತಂದಿಡುತ್ತವೆ. ಹೊಡೆಯುವವರಿಗೆ ಕಳ್ಳನ ಮನೆ ಸ್ಪಷ್ಟವಾಗಿ ಕಾಣುತ್ತದೆ.

1976ರಲ್ಲಿ ಅಮೆರಿಕದ ಬೆಥೆಸ್ಡಾದಲ್ಲಿ ಡೋರಿಸ್ ಮಾರ್ಗನ್, ಫ್ರಾನ್ಸಿಸ್ ರಸ್ಸೆಟಿ ಮತ್ತು ರಾಬರ್ಟ್ ಗ್ಯಾಲೊ, ರಾಜ್ಮಾ ಪ್ರೋಟೀನ್ ತಾಗಿಸಿದ ಬಿಳಿ ಕಣಗಳು ಬಿಟ್ಟ ನೀರನ್ನು ಹಾಕಿದರೆ ಟಿ ಕೋಶಗಳು ತಿಂಗಳುಗಟ್ಟಲೆ ಬೆಳೆಯುತ್ತವೆ ಎಂದು ತೋರಿಸಿದರು. ಮರುವರ್ಷ ಡಾರ್ಟ್‌ಮೌತ್‌ನಲ್ಲಿ ಸ್ಟೀವನ್ ಗಿಲ್ಲಿಸ್ ಮತ್ತು ಕೆಂಡಲ್ ಸ್ಮಿತ್ ಕಿಲ್ಲರ್ ಟಿ ಕೋಶಗಳನ್ನೇ ಹೀಗೆ ಬೆಳೆಸಿದರು. ಬೇರೆ ಬೇರೆ ಪ್ರಯೋಗಾಲಯಗಳು ಇಂಥ ನೀರಿಗೆ ಬೇರೆ ಬೇರೆ ಹೆಸರಿಟ್ಟು ಗೊಂದಲವಾಗಿತ್ತು. 1979ರಲ್ಲಿ ಸ್ವಿಟ್ಜರ್ಲೆಂಡಿನ ಎರ್ಮಾಟಿಂಗನ್ ಎಂಬ ಊರಿನಲ್ಲಿ ಕೂತು ಎಲ್ಲರೂ ಒಪ್ಪಿದ ಹೆಸರು ಇಂಟರ್‌ಲ್ಯೂಕಿನ್, ಬಿಳಿ ಕಣಗಳ ನಡುವಿನ ಮಾತು. ಟಿ ಕೋಶ ಬೆಳೆಸುವ ವಸ್ತುವಿಗೆ ಇಂಟರ್‌ಲ್ಯೂಕಿನ್-2.

ಇದರ ಫಲ ಬೇಗ ಬೇಕಾಯಿತು. 1983ರಲ್ಲಿ ಪ್ಯಾರಿಸ್ಸಿನ ಪಾಶ್ಚರ್ ಸಂಸ್ಥೆಯಲ್ಲಿ ಫ್ರಾಂಸ್ವಾಜ್ ಬಾರ್-ಸಿನೂಸಿ ಮತ್ತು ಲೂಕ್ ಮೊಂತಾನ್ಯೆ ಅವರ ತಂಡ ಏಡ್ಸ್ ವೈರಸ್ ಹಿಡಿಯುವಾಗ ಟಿ ಕೋಶಗಳನ್ನು ಜೀವಂತ ಇಡಲು ಇಂಟರ್‌ಲ್ಯೂಕಿನ್-2 ಹಾಕಿತು. ಜೊತೆಗೆ ಇಂಟರ್‌ಫೆರಾನ್ ವೈರಸ್ಸನ್ನು ಅಡಗಿಸಿಬಿಡದಿರಲಿ ಎಂದು ಇಂಟರ್‌ಫೆರಾನಿಗೆ ವಿರುದ್ಧವಾದ ಪ್ರತಿಕಾಯವನ್ನೂ ಹಾಕಿತು. ಒಂದು ಸುದ್ದಿಗೆ ಧ್ವನಿವರ್ಧಕ ಕೊಟ್ಟು, ಇನ್ನೊಂದರ ಬಾಯಿ ಮುಚ್ಚಿದರು. ವೈರಸ್ ಸಿಕ್ಕಿತು. ಅದು ಕೊಲ್ಲುತ್ತಿದ್ದದ್ದು ಸಹಾಯಕ ಟಿ ಕೋಶಗಳನ್ನು, ಅಂದರೆ ಇಂಟರ್‌ಲ್ಯೂಕಿನ್-2ರಂಥ ಸುದ್ದಿ ಹಂಚುವವರನ್ನೇ. ಸುದ್ದಿ ನಿಂತರೆ ಕಿಲ್ಲರ್‌ಗಳೂ ಸೊರಗುತ್ತಾರೆ.

ಹೆಚ್ಚಾದರೆ ಒಳ್ಳೆಯದಾ?

1970ರ ದಶಕದಲ್ಲಿ ಫಿನ್ಲೆಂಡಿನ ಹೆಲ್ಸಿಂಕಿಯಲ್ಲಿ ಕಾರಿ ಕಾಂಟೆಲ್, ದಾನಿಗಳು ಕೊಟ್ಟ ಸಾವಿರಾರು ಲೀಟರ್ ರಕ್ತದ ಬಿಳಿ ಕಣಗಳಿಂದ ಚಿಟಿಕೆಗೂ ಕಡಿಮೆ ಇಂಟರ್‌ಫೆರಾನ್ ತೆಗೆದು ಜಗತ್ತಿಗೆ ಹಂಚುತ್ತಿದ್ದರು. 1980ರ ಮಾರ್ಚ್‌ನಲ್ಲಿ ಅಮೆರಿಕದ ಟೈಮ್ ಪತ್ರಿಕೆ ಇಂಟರ್‌ಫೆರಾನನ್ನು ಮುಖಪುಟಕ್ಕೆ ಹಾಕಿತು, ಕ್ಯಾನ್ಸರಿಗೆ ಮದ್ದು ಬಂದೇಬಿಟ್ಟಿತೇನೋ ಎನ್ನುವ ಹುರುಪಿನಲ್ಲಿ. ಪತ್ರಿಕೋದ್ಯಮ ಓದಿದ ನಮಗೆ ಇಂಥ ಮುಖಪುಟಗಳ ಮೇಲೆ ಸ್ವಲ್ಪ ಅನುಮಾನ. ಜೀನ್ ತಂತ್ರಜ್ಞಾನ ಬಂದ ಮೇಲೆ ಬ್ಯಾಕ್ಟೀರಿಯಾದಲ್ಲೇ ಇಂಟರ್‌ಫೆರಾನ್ ಮಾಡುವಂತಾಯಿತು. 1986ರಲ್ಲಿ ಅಮೆರಿಕದಲ್ಲಿ ಒಂದು ಬಗೆಯ ರಕ್ತದ ಕ್ಯಾನ್ಸರಿಗೆ, 1991ರಲ್ಲಿ ಹೆಪಟೈಟಿಸ್ ಸಿ ಕಾಮಾಲೆಗೆ ಒಪ್ಪಿಗೆ ಸಿಕ್ಕಿತು. ಕೆಲವರಿಗೆ ವಾಸಿಯೂ ಆಯಿತು. ಆದರೆ ತಿಂಗಳುಗಟ್ಟಲೆ ಚುಚ್ಚಿಸಿಕೊಂಡವರು ಜ್ವರ, ಮೈಕೈ ನೋವು, ಮನಸ್ಸು ಕುಗ್ಗುವ ಖಿನ್ನತೆಯಲ್ಲಿ ನರಳಿದರು. ವೈರಸ್ಸನ್ನೇ ನೇರ ಹೊಡೆಯುವ ಮಾತ್ರೆಗಳು 2013ರ ನಂತರ ಬಂದಾಗ ವೈದ್ಯರು ಅದನ್ನು ಬಿಟ್ಟದ್ದು ಸುಮ್ಮನೆ ಅಲ್ಲ.

ಏಡ್ಸ್ ವಿಷಯದಲ್ಲಿ ಆದದ್ದು ಇನ್ನೂ ಗಮನಿಸಬೇಕಾದ್ದು. ಟಿ ಕೋಶ ಕಡಿಮೆಯಾಗಿದೆ, ಟಿ ಕೋಶ ಬೆಳೆಸುವ ಇಂಟರ್‌ಲ್ಯೂಕಿನ್-2 ನಮ್ಮ ಕೈಲಿದೆ, ಕೊಟ್ಟರಾಯಿತು. ನ್ಯಾಯವಾಗಿಯೇ ಕಾಣುತ್ತದೆ. ಹಲವು ದೇಶಗಳ ನಾಲ್ಕು ಸಾವಿರಕ್ಕೂ ಹೆಚ್ಚು ಎಚ್‌ಐವಿ ಸೋಂಕಿತರ ಮೇಲೆ ವರ್ಷಾನುಗಟ್ಟಲೆ ಪರೀಕ್ಷೆ ನಡೆಯಿತು. 2009ರಲ್ಲಿ ಫಲಿತಾಂಶ ಬಂತು. ರಕ್ತಪರೀಕ್ಷೆಯಲ್ಲಿ ಟಿ ಕೋಶಗಳ ಸಂಖ್ಯೆ ಏರಿತ್ತು. ಕಾಯಿಲೆ, ಸಾವು ಮಾತ್ರ ಕಡಿಮೆಯಾಗಲಿಲ್ಲ. ಲ್ಯಾಬ್ ಚೀಟಿಯಲ್ಲಿ ಅಂಕಿ ಏರಿದ್ದಕ್ಕೂ ಮನುಷ್ಯ ಗಟ್ಟಿಯಾದದ್ದಕ್ಕೂ ವ್ಯತ್ಯಾಸವಿದೆ. ಬೂಸ್ಟರ್ ಡಬ್ಬಿ ಕೊಳ್ಳುವ ಮುಂಚೆ ಯಾರಾದರೂ ಈ ಪರೀಕ್ಷೆಯ ಕಥೆ ಹೇಳಿದ್ದರೆ ಎಷ್ಟೋ ದುಡ್ಡು ಉಳಿಯುತ್ತಿತ್ತು.

2006ರ ಮಾರ್ಚ್‌ನಲ್ಲಿ ಲಂಡನ್ನಿನ ನಾರ್ತ್‌ವಿಕ್ ಪಾರ್ಕ್ ಆಸ್ಪತ್ರೆಯ ಪ್ರಯೋಗ ಘಟಕದಲ್ಲಿ ಆದದ್ದು ಭಯ ಹುಟ್ಟಿಸುವಂಥದ್ದು. ಟಿ ಕೋಶಗಳನ್ನು ಎಬ್ಬಿಸುವ ಟಿಜಿಎನ್1412 ಎಂಬ ಹೊಸ ಔಷಧವನ್ನು ಆರು ಆರೋಗ್ಯವಂತ ಯುವಕರಿಗೆ ಕೊಟ್ಟರು. ಪ್ರಾಣಿಗಳಿಗೆ ಏನೂ ಆಗದಿದ್ದ ಪ್ರಮಾಣದ 500ರಲ್ಲಿ ಒಂದು ಪಾಲು ಅಷ್ಟೇ. ಕೆಲವೇ ಗಂಟೆಗಳಲ್ಲಿ ಆರೂ ಜನರ ಮೈಯಲ್ಲಿ ಎಲ್ಲಾ ಟಿ ಕೋಶಗಳೂ ಒಮ್ಮೆಗೇ ಕೂಗಿದವು. ರಕ್ತದ ಒತ್ತಡ ಕುಸಿಯಿತು, ಶ್ವಾಸಕೋಶ, ಮೂತ್ರಪಿಂಡ ಕೈಕೊಟ್ಟವು. ಆರೂ ಜನ ಬದುಕಿದರು, ಆದರೆ ಒಬ್ಬರು ಕೈಕಾಲಿನ ಬೆರಳುಗಳನ್ನು ಕಳೆದುಕೊಂಡರು. ಕಳ್ಳನೇ ಇಲ್ಲದ ಊರಿನಲ್ಲಿ ಡಂಗುರ ಸಾರಿದರೆ ಹೀಗೆ.

ಹಾಗಾದರೆ ಸರಿಯಾದ ಕ್ರಮ ಯಾವುದು? ಇದಕ್ಕೆ ಉತ್ತರ ಕೊಟ್ಟದ್ದು ಡೆಂಡ್ರಿಟಿಕ್ ಕೋಶ, ಮರದ ಕೊಂಬೆಗಳಂತೆ ಕೈ ಚಾಚಿದ ಕೋಶ. ನ್ಯೂಯಾರ್ಕಿನಲ್ಲಿ ರಾಲ್ಫ್ ಸ್ಟೈನ್‌ಮನ್ 1973ರಲ್ಲಿ ಇದನ್ನು ಕಂಡರು. 2011ರಲ್ಲಿ ಅವರಿಗೆ ನೊಬೆಲ್ ಘೋಷಣೆಯಾದಾಗ ಅವರು ತೀರಿಕೊಂಡು ಮೂರು ದಿನವಾಗಿತ್ತು, ಸಮಿತಿಗೆ ಗೊತ್ತಿರಲಿಲ್ಲ. ಈ ಕೋಶ ಸೋಂಕಿನ ಜಾಗದಿಂದ ವೈರಸ್ಸಿನ ಚೂರನ್ನು ಹೊತ್ತು ಹತ್ತಿರದ ದುಗ್ಧಗ್ರಂಥಿಗೆ ಹೋಗುತ್ತದೆ. ಗಂಟಲು ನೋವು ಬಂದಾಗ ದವಡೆಯ ಕೆಳಗೆ ಗಂಟು ಊದುತ್ತದಲ್ಲ, ಅಲ್ಲಿಗೆ. ಅಲ್ಲಿ ಕಿಲ್ಲರ್ ಟಿ ಕೋಶಕ್ಕೆ ಮೊದಲು ಚೂರನ್ನು ತೋರಿಸುತ್ತದೆ. ಜೊತೆಗೆ, ಇದು ನಿಜವಾದ ಅಪಾಯ ಎಂದು ಕೈಹಿಡಿದು ಹೇಳುವ ಎರಡನೇ ಗುರುತನ್ನು ಕೊಡುತ್ತದೆ. ಬರೀ ಚೂರು ತೋರಿಸಿ ಎರಡನೆಯದನ್ನು ಕೊಡದಿದ್ದರೆ ಟಿ ಕೋಶ ಜಡವಾಗುತ್ತದೆ. ನಮ್ಮದೇ ಮೈಯನ್ನು ಅದು ಹೊಡೆಯದಿರಲು ಇದೂ ಒಂದು ಕಾರಣ. ಮೂರನೆಯದು ಬೇಕು ಎಂದು 1999ರಲ್ಲಿ ಮಿನ್ನೆಸೋಟದ ಮ್ಯಾಥ್ಯೂ ಮೆಷರ್ ತಂಡ ತೋರಿಸಿತು. ಇಂಟರ್‌ಲ್ಯೂಕಿನ್-12 ಎಂಬ ಇನ್ನೊಂದು ಸುದ್ದಿ, ಅಥವಾ ಇಂಟರ್‌ಫೆರಾನ್. ಈ ಮೂರನೆಯದು ಸಿಕ್ಕರೆ ಕಿಲ್ಲರ್‌ಗಳು ಪೂರ್ತಿ ಬೆಳೆಯುತ್ತವೆ, ಕೊಲ್ಲುವ ಆಯುಧ ತುಂಬಿಕೊಳ್ಳುತ್ತವೆ, ಸೋಂಕು ಹೋದ ಮೇಲೂ ನೆನಪಿಟ್ಟುಕೊಂಡು ಉಳಿಯುತ್ತವೆ. 2005ರಲ್ಲಿ ಮುರಳಿಕೃಷ್ಣ ಅವರ ತಂಡ ಇದನ್ನು ಇಲಿಗಳಲ್ಲಿ ನೇರವಾಗಿ ತೋರಿಸಿತು. ಇಂಟರ್‌ಫೆರಾನ್ ಕೇಳಿಸಿಕೊಳ್ಳುವ ಕಿವಿಯೇ ಇಲ್ಲದ ಕಿಲ್ಲರ್ ಟಿ ಕೋಶಗಳು ಎಲ್‌ಸಿಎಂವಿ ಸೋಂಕಿನಲ್ಲಿ ಹೆಚ್ಚಲೇ ಇಲ್ಲ, ಬದುಕಲೂ ಇಲ್ಲ.

ಐಸಾಕ್ಸ್ ಮೊಟ್ಟೆಯಲ್ಲಿ ಕೇಳಿದ ಡಂಗುರವೇ ಗರಡಿ ಮನೆಯ ಪೈಲ್ವಾನರನ್ನೂ ಎಬ್ಬಿಸುತ್ತದೆ ಎಂದು ಹೀಗೆ ಗೊತ್ತಾಗಲು ಸುಮಾರು ಅರ್ಧ ಶತಮಾನ ಹಿಡಿಯಿತು.

ಅದೇ ಡಂಗುರ ನಿಲ್ಲದೆ ಹೊಡೆಯುತ್ತಿದ್ದರೆ? 2013ರಲ್ಲಿ ಅಮೆರಿಕದ ಎರಡು ತಂಡಗಳು ಬಹುಕಾಲ ಹೋಗದ ಎಲ್‌ಸಿಎಂವಿ ಸೋಂಕಿನ ಇಲಿಗಳಲ್ಲಿ ಇಂಟರ್‌ಫೆರಾನಿನ ಸುದ್ದಿಯನ್ನು ತಡೆದವು. ಸೋಂಕು ಹೆಚ್ಚಬೇಕಿತ್ತು ಅಲ್ಲವೇ? ಬದಲಿಗೆ ಮೈ ವೈರಸ್ಸನ್ನು ಬೇಗ ಹೊರಹಾಕಿತು. ಮೊದಲ ವಾರ ಕಿಲ್ಲರ್‌ಗಳಿಗೆ ಬಲ ಕೊಟ್ಟ ಅದೇ ವಸ್ತು, ವಾರಗಟ್ಟಲೆ ಉಳಿದಾಗ ಅವುಗಳ ದಾರಿಗೆ ಅಡ್ಡ ಬರುತ್ತಿತ್ತು.

ಲಸಿಕೆಯವರು ಈ ಪಾಠವನ್ನು ಬೇರೆ ದಾರಿಯಲ್ಲಿ ಕಲಿತರು. ಕೊಂದ ವೈರಸ್ಸಿನ ಲಸಿಕೆ ಜೀವಕೋಶದೊಳಗೆ ಬೆಳೆಯುವುದಿಲ್ಲ, ಹಾಗಾಗಿ ಸಾಮಾನ್ಯವಾಗಿ ಪ್ರತಿಕಾಯ ಬರುತ್ತದೆ, ಕಿಲ್ಲರ್‌ಗಳು ಹೆಚ್ಚು ಏಳುವುದಿಲ್ಲ. ಮಂಗನ ಕಾಯಿಲೆಗೆ ಮಲೆನಾಡಿನಲ್ಲಿ ದಶಕಗಟ್ಟಲೆ ಕೊಡುತ್ತಿದ್ದದ್ದು ಫಾರ್ಮಲಿನ್ ಹಾಕಿ ಕೊಂದ ವೈರಸ್ಸಿನ ಲಸಿಕೆ; ಮತ್ತೆ ಮತ್ತೆ ಹಾಕಿಸಿಕೊಳ್ಳಬೇಕಿತ್ತು. ಆರ್‌ಎನ್‌ಎ ಲಸಿಕೆಯ ತೊಂದರೆ ಇದಕ್ಕೆ ಉಲ್ಟಾ. ಹೊರಗಿನ ಆರ್‌ಎನ್‌ಎ ಒಳಗೆ ಬಂದ ಕೂಡಲೇ ಜೀವಕೋಶ ಅದನ್ನು ವೈರಸ್ ಎಂದೇ ತಿಳಿದು ಡಂಗುರ ಹೊಡೆದು ಬಾಗಿಲು ಮುಚ್ಚುತ್ತಿತ್ತು, ಲಸಿಕೆ ಕೆಲಸ ಮಾಡುತ್ತಿರಲಿಲ್ಲ. 2005ರಲ್ಲಿ ಕಟಲಿನ್ ಕರಿಕೊ ಮತ್ತು ಡ್ರೂ ವೈಸ್‌ಮನ್ ಆರ್‌ಎನ್‌ಎಯ ಒಂದು ಅಕ್ಷರ ತಿದ್ದಿ ಆ ಸದ್ದನ್ನು ತಗ್ಗಿಸಿದರು. 2023ರ ನೊಬೆಲ್ ಅದಕ್ಕೇ.

ಕೊರೊನಾ ಹೇಳಿದ್ದು

2020ರಲ್ಲಿ ಪ್ಯಾರಿಸ್ ಮತ್ತು ನ್ಯೂಯಾರ್ಕಿನ ಜಾನ್-ಲೊರೆಂ ಕಸನೋವಾ ಅವರ ತಂಡ, ಕೊರೊನಾ ನ್ಯುಮೋನಿಯಾದಿಂದ ಜೀವಕ್ಕೇ ಅಪಾಯವಾಗಿದ್ದ 987 ಜನರ ರಕ್ತ ನೋಡಿತು. 101 ಜನರಲ್ಲಿ ತಮ್ಮದೇ ಇಂಟರ್‌ಫೆರಾನನ್ನು ಹಿಡಿದುಹಾಕುವ ಪ್ರತಿಕಾಯಗಳಿದ್ದವು. ಡಂಗುರದವನ ಬಾಯಿಗೆ ಮನೆಯವರೇ ಬಟ್ಟೆ ತುರುಕಿದ ಹಾಗೆ. ಆ 101ರಲ್ಲಿ 95 ಜನ ಗಂಡಸರು. ಸೋಂಕು ಸೌಮ್ಯವಾಗಿದ್ದ 663 ಜನರಲ್ಲಿ ಒಬ್ಬರಲ್ಲೂ ಅಂಥ ಪ್ರತಿಕಾಯ ಇರಲಿಲ್ಲ. ಇವರಿಗೆ ಕಷಾಯ ಕುಡಿಸಿ ಏನು ಮಾಡುವುದು?

ಹಾಗಿದ್ದರೆ ಎಲ್ಲರಿಗೂ ಇಂಟರ್‌ಫೆರಾನ್ ಚುಚ್ಚಿದರೆ? ಅದನ್ನೂ ಮಾಡಿ ನೋಡಿದರು. ವಿಶ್ವ ಆರೋಗ್ಯ ಸಂಸ್ಥೆ 2020ರಲ್ಲಿ ಹಲವು ದೇಶಗಳ ಆಸ್ಪತ್ರೆಗಳಲ್ಲಿ ದಾಖಲಾದವರಿಗೆ ಕೊಡಿಸಿತು. ಸಾವು ಕಡಿಮೆಯಾಗಲಿಲ್ಲ. ಆಸ್ಪತ್ರೆ ಸೇರುವ ಹೊತ್ತಿಗೆ ಡಂಗುರದ ಸಮಯ ಸಾಮಾನ್ಯವಾಗಿ ಮುಗಿದಿರುತ್ತದೆ, ಆಗ ಮೈಯನ್ನು ಸುಡುತ್ತಿರುವುದು ಅತಿಯಾದ ಹೊಡೆತ. ಅದಕ್ಕೆ ಅಲ್ಲಿ ಜೀವ ಉಳಿಸಿದ್ದು ಕಾವು ತಗ್ಗಿಸುವ, ಅಗ್ಗದ ಸ್ಟಿರಾಯ್ಡ್ ಡೆಕ್ಸಾಮೆಥಾಸೋನ್. ಅದೂ ಆಮ್ಲಜನಕ ಬೇಕಾದಷ್ಟು ಕೆಟ್ಟವರಿಗೆ ಮಾತ್ರ. ಆಮ್ಲಜನಕ ಬೇಡದವರಿಗೆ ಅದರಿಂದ ಲಾಭ ಕಾಣಲಿಲ್ಲ. ಜ್ವರ ಬಂದ ಮೊದಲ ದಿನವೇ ಯಾರೋ ಕೊಟ್ಟ ಸ್ಟಿರಾಯ್ಡ್ ಮಾತ್ರೆ ನುಂಗಬೇಡಿ ಎಂದು ವೈದ್ಯರು ಬೈಯುವುದು ಇದಕ್ಕೇ. ಮೊದಲ ದಿನಗಳಲ್ಲಿ ಡಂಗುರ ಕೇಳಿಸಬೇಕು.

2023ರ ಫೆಬ್ರವರಿಯಲ್ಲಿ ಇನ್ನೊಂದು ಪರೀಕ್ಷೆಯ ಫಲ ಪ್ರಕಟವಾಯಿತು. ಬ್ರೆಜಿಲ್ ಮತ್ತು ಕೆನಡಾದಲ್ಲಿ, ಲಕ್ಷಣ ಕಂಡ ಏಳು ದಿನದೊಳಗೆ, ಇನ್ನೂ ಮನೆಯಲ್ಲೇ ಇದ್ದವರಿಗೆ ಲ್ಯಾಮ್ಡಾ ಎಂಬ ಬಗೆಯ ಇಂಟರ್‌ಫೆರಾನಿನ ಒಂದೇ ಚುಚ್ಚುಮದ್ದು ಕೊಟ್ಟರು. ಲ್ಯಾಮ್ಡಾದ ಮಾತು ಕೇಳಿಸುವುದು ಮುಖ್ಯವಾಗಿ ಶ್ವಾಸಕೋಶ, ಕರುಳಿನ ಒಳಪದರದಂಥ ಕೆಲವು ಕಡೆ ಮಾತ್ರ, ಮೈತುಂಬಾ ಅಲ್ಲ. ಆಸ್ಪತ್ರೆಗೆ ಸೇರಬೇಕಾದವರು ಅಥವಾ ತುರ್ತು ಚಿಕಿತ್ಸೆಗೆ ಓಡಬೇಕಾದವರು ಚುಚ್ಚುಮದ್ದು ಸಿಕ್ಕವರಲ್ಲಿ ಶೇಕಡಾ 2.7, ಸಿಗದವರಲ್ಲಿ ಶೇಕಡಾ 5.6. ಅವರಲ್ಲಿ ಬಹುಪಾಲು ಜನ ಆಗಲೇ ಲಸಿಕೆ ಹಾಕಿಸಿಕೊಂಡವರಾಗಿದ್ದರು.